ಗಾಡಿ ಪ್ರಶ್ನೋತ್ತರ: ಮ್ಯಾಪ್ ಯಾರದೋ, ಎಂಜಿನ್ ನಿಮ್ಮದು

ಈ ಸಲ ಆರಿಸಿದ ಪತ್ರಗಳೆಲ್ಲ ದಾವಣಗೆರೆ, ಚಿತ್ರದುರ್ಗದ ಕಡೆಯವು. ಎಂಜಿನ್ ಬಿಚ್ಚಿ ದೊಡ್ಡದು ಮಾಡಿ, ಮೇಲೊಂದು ಎಲೆಕ್ಟ್ರಾನಿಕ್ ಬಾಕ್ಸ್ ಕೂರಿಸಿದ ಮೇಲೆ ಹುಟ್ಟಿದ ತಕರಾರುಗಳು. ಎಷ್ಟು ಥ್ರಾಟಲ್, ಎಷ್ಟು ಆರ್‌ಪಿಎಂಗೆ ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂದು ಬಾಕ್ಸಿಗೆ ಹೇಳುವ ಕೋಷ್ಟಕವೇ ಮ್ಯಾಪ್.

ಪ್ರಶ್ನೆ: ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500 ಇಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಗೆ 87 ಮಿ.ಮೀ. ಪಿಸ್ಟನ್ ಹಾಕಿಸಿ 535 ಸಿಸಿ ಮಾಡಿಸಿದ್ದೇನೆ. ಫ್ರೀ ಫ್ಲೋ ಸೈಲೆನ್ಸರ್, ಕೋನ್ ಫಿಲ್ಟರ್ ಇವೆ. ಪೆಟ್ರೋಲ್, ಇಗ್ನಿಷನ್ ಎರಡನ್ನೂ ತಿದ್ದುವ ಪಿಗ್ಗಿಬ್ಯಾಕ್ ಬಾಕ್ಸ್ (ಕಂಪನಿ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದರ ಜೊತೆ ಸೇರಿಸುವಂಥದ್ದು) ಇದೆ. ಆಕ್ಸಿಜನ್ ಸೆನ್ಸರ್ ಹಾಗೇ ಇದೆ. ಮ್ಯಾಪ್ ನಾಲ್ಕು ವರ್ಷದ ಹಿಂದೆ ಗೆಳೆಯ ಕಳಿಸಿದ್ದು. ಹಿರಿಯೂರು ಕಡೆಯಿಂದ ಎದುರುಗಾಳಿಗೆ ಬರುವಾಗ ಟಾಪ್ ಗೇರಿನಲ್ಲಿ 70ರ ಸುಮಾರಿಗೆ ಆಕ್ಸಿಲರೇಟರ್ ತಿರುವಿದರೆ ಕಟಕಟ ಸದ್ದು, ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ. ಪ್ಲಗ್ ಬೆಳ್ಳಗಿದೆ. ಟೈಮಿಂಗ್ (ಕಿಡಿ ಹಾರುವ ಹೊತ್ತು) ಎಷ್ಟು ಹಿಂದಕ್ಕೆ ತರಬೇಕು?
— ಓದುಗ, ಚಿತ್ರದುರ್ಗ

ಟೈಮಿಂಗಿಗೆ ಈಗಲೇ ಕೈ ಹಾಕಬೇಡಿ. ಬಿಳಿ ಪ್ಲಗ್, ಬಿಟ್ಟಾಗ ಪಟಪಟ, ಎಳೆದಾಗ ಕಟಕಟ, ಈ ಮೂರೂ ಸೇರಿದರೆ ಮೊದಲ ಅನುಮಾನ ಪೆಟ್ರೋಲ್ ಸಾಲದಿರುವುದರ ಮೇಲೆ. ಲೀನ್ ಆಗಿ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ ಓಡುವ ಎಂಜಿನ್ನಿನ ಟೈಮಿಂಗ್ ಹಿಂದಕ್ಕೆ ತಂದರೆ ಸದ್ದು ಅಡಗುತ್ತದೆ, ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಲೀನ್ ಆಗಲು ನಿಮ್ಮಲ್ಲಿ ಎರಡು ಕಾರಣ ಎದ್ದು ಕಾಣುತ್ತವೆ. ಒಂದು, ಮ್ಯಾಪ್ ಹಳೆಯದು. ಶೇ. 10 ಎಥನಾಲ್ ಇದ್ದ ಪೆಟ್ರೋಲಿಗೆ ಪೂರ್ತಿ ಉರಿಯಲು ತೂಕದಲ್ಲಿ 1 ಪಾಲಿಗೆ ಸುಮಾರು 14.1 ಪಾಲು ಗಾಳಿ ಬೇಕು, ಶೇ. 20 ಇರುವ ಪೆಟ್ರೋಲಿಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಈಗ ಶೇ. 4ರಿಂದ 5 ಹೆಚ್ಚು ಪೆಟ್ರೋಲ್ ಬಿಡಬೇಕು. ನಿಮ್ಮ ಮ್ಯಾಪಿಗೆ ಈ ವಿಷಯ ಗೊತ್ತಿಲ್ಲ. ಎರಡು, ಆಕ್ಸಿಜನ್ ಸೆನ್ಸರ್. ಸಣ್ಣ ಥ್ರಾಟಲಿನಲ್ಲಿ ಬಾಕ್ಸ್ ಹೆಚ್ಚಿಗೆ ಕೊಟ್ಟ ಪೆಟ್ರೋಲನ್ನು ಸೆನ್ಸರ್ ನೋಡಿ ಕಂಪನಿ ಇಸಿಯು ಮತ್ತೆ ಕಡಿಮೆ ಮಾಡುತ್ತದೆ. ಒಬ್ಬರು ಸುರಿಯುವುದು, ಇನ್ನೊಬ್ಬರು ಮೊಗೆಯುವುದು. ಬಾಕ್ಸ್ ತಯಾರಕರು ಆ ಸೆನ್ಸರಿಗೆ ಕೊಡುವ ಎಲಿಮಿನೇಟರ್ (ಸೆನ್ಸರಿನ ಬದಲು ಸಿಕ್ಕಿಸಿ ಈ ತಿದ್ದುಪಡಿ ನಿಲ್ಲಿಸುವ ತುಂಡು) ಹಾಕಿ, ಆಮೇಲೆ ಮ್ಯಾಪ್ ತಿದ್ದಿ.

ಕಂಪ್ರೆಷನ್ ಲೆಕ್ಕವನ್ನೂ ಮಾಡಿಕೊಳ್ಳಿ. ಕಂಪನಿಯ 499 ಸಿಸಿ ಎಂಜಿನ್ನಿನದು 8.5:1, ಅಂದರೆ ಹೆಡ್ಡಿನ ಕಡೆ ಉಳಿಯುವ ಜಾಗ 499 ÷ 7.5, ಸುಮಾರು 66.5 ಸಿಸಿ. ಆ ಜಾಗ ಬದಲಾಗದೆ ಬೋರ್ ಮಾತ್ರ 87 ಆದರೂ ಕಂಪ್ರೆಷನ್ 9.04ಕ್ಕೆ ಏರುತ್ತದೆ. ಪಿಸ್ಟನ್ ತಲೆ ಉಬ್ಬಿದ್ದರೆ ಇನ್ನೂ ಹೆಚ್ಚು. 9.5 ಬರಬೇಕಾದರೆ ಉಳಿಯುವ ಜಾಗ 63 ಸಿಸಿ. ಬ್ಯುರೆಟ್‌ನಲ್ಲಿ ಎಣ್ಣೆ ಬಿಟ್ಟು ಅಳೆಯಿರಿ, ಕಿಟ್ಟಿನ ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ.

ಲ್ಯಾಪ್‌ಟಾಪ್ ತೆರೆಯುವ ಮುಂಚೆ ನೋಡಬೇಕಾದ ಕೆಲವು ಇವೆ. ಥ್ರಾಟಲ್ ಬಾಡಿ ಮತ್ತು ಹೆಡ್ ನಡುವಿನ ರಬ್ಬರಿನಲ್ಲಿ ಸೀಳು. ಬೆಂಡ್ ಪೈಪ್ ಹೆಡ್ಡಿಗೆ ಕೂರುವ ಗ್ಯಾಸ್ಕೆಟ್ಟಿನಲ್ಲಿ ಸೋರಿಕೆ: ಬಿಟ್ಟಾಗಿನ ಪಟಪಟಕ್ಕೆ ಅರ್ಧ ಕಾರಣ ಇಲ್ಲೇ ಇರುತ್ತದೆ, ಮೇಲಾಗಿ ಮೀಟರ್ ಸುಳ್ಳು ಹೇಳುತ್ತದೆ. ಪೆಟ್ರೋಲ್ ಪ್ರೆಷರ್ ಥ್ರಾಟಲ್ ತುಂಬ ತೆರೆದಾಗಲೂ ನಿಲ್ಲಬೇಕು. ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಸೆನ್ಸರ್) ಥ್ರಾಟಲ್ ಮುಚ್ಚಿದಾಗ ಸೊನ್ನೆ, ತೆರೆದಾಗ ನೂರು ತೋರಿಸಬೇಕು. ಟ್ಯಾಪೆಟ್ ಹೈಡ್ರಾಲಿಕ್, ಅಲ್ಲಿ ಗ್ಯಾಪ್ ಹುಡುಕಬೇಡಿ.

ಇಂಜೆಕ್ಟರ್ ಸಾಕೇ? 35 ಅಶ್ವಶಕ್ತಿಯ ಗುರಿ ಇಟ್ಟರೆ, ಒಂದು ಅಶ್ವಶಕ್ತಿಗೆ ಗಂಟೆಗೆ 0.55 ಪೌಂಡ್ ಪೆಟ್ರೋಲ್, ಇಂಜೆಕ್ಟರ್ ಶೇ. 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು ಎಂದು ಹಿಡಿದರೆ ಗಂಟೆಗೆ 24 ಪೌಂಡ್, ನಿಮಿಷಕ್ಕೆ ಸುಮಾರು 250 ಸಿಸಿ. ಎಥನಾಲಿಗೆಂದು ಇನ್ನೊಂದಿಷ್ಟು ಸೇರಿಸಿ. ಓಡುವಾಗ ಪರೀಕ್ಷೆ ಇನ್ನೂ ಸುಲಭ. 5,500 ಆರ್‌ಪಿಎಂನಲ್ಲಿ ಒಂದು ಸುತ್ತಿನ ಕೆಲಸಕ್ಕೆ (ಕ್ರ್ಯಾಂಕ್ ಎರಡು ಸಲ ತಿರುಗಲು) ಸಿಗುವುದು 21.8 ಮಿಲಿಸೆಕೆಂಡ್. ಲಾಗ್‌ನಲ್ಲಿ (ಓಟದ ದಾಖಲೆಯಲ್ಲಿ) ಇಂಜೆಕ್ಟರ್ ತೆರೆದಿರುವ ಹೊತ್ತು 18.5 ದಾಟಿದ್ದರೆ ಅದು ಸುಸ್ತಾಗಿದೆ. ಮ್ಯಾಪಿನಲ್ಲಿ ಎಷ್ಟು ಬರೆದರೂ ಮುಂದೆ ಹೋಗದು.

ಈಗ ಅಳತೆ. ವೈಡ್‌ಬ್ಯಾಂಡ್ ಸೆನ್ಸರ್ (ಎಕ್ಸಾಸ್ಟ್ ಹೊಗೆಯಿಂದ ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವಂಥದ್ದು) ಇಲ್ಲದೆ ಮ್ಯಾಪ್ ತಿದ್ದುವುದು ಕತ್ತಲಲ್ಲಿ ಕೈಯಾಡಿಸಿದಂತೆ. ಬೆಂಡ್ ಪೈಪಿಗೆ 18×1.5 ಥ್ರೆಡ್ಡಿನ ಬುಷ್ ವೆಲ್ಡ್ ಮಾಡಿಸಿ. ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಹರಿಹರ ಪಕ್ಕದಲ್ಲೇ ಇರುವಾಗ ಇಂಥ ಬುಷ್ಷಿಗೆ ಬೆಂಗಳೂರಿಗೆ ಹೋಗುವ ದರ್ದಿಲ್ಲ. ಸೆನ್ಸರ್ ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಿರಲಿ. ಕೆಳಮುಖವಾದರೆ ಪೈಪಿನ ನೀರಿಳಿದು ಒಳಗಿನ ಸೆರಾಮಿಕ್ ಸೀಳುತ್ತದೆ. ಕರೆಂಟ್ ಕೊಡದೆ ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಓಡಿಸಿದರೂ ಮಸಿ ಕಟ್ಟಿ ಕೆಡುತ್ತದೆ.

ಮೀಟರನ್ನು ಎಎಫ್‌ಆರ್‌ನಲ್ಲಿ (ಗಾಳಿ-ಪೆಟ್ರೋಲ್ ಅನುಪಾತದಲ್ಲಿ) ಓದಬೇಡಿ, ಲ್ಯಾಂಬ್ಡಾಕ್ಕೆ ಬದಲಿಸಿ. ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಪೆಟ್ರೋಲ್ ಹೆಚ್ಚಾದರೆ ಅದಕ್ಕಿಂತ ಕಡಿಮೆ. ಬಹಳಷ್ಟು ಮೀಟರುಗಳು ಲ್ಯಾಂಬ್ಡಾವನ್ನು 14.7ರಿಂದ ಗುಣಿಸಿ ತೋರಿಸುತ್ತವೆ. ಇಂದಿನ ಪೆಟ್ರೋಲಿಗೆ ಆ ಸಂಖ್ಯೆ ಹೊಂದುವುದಿಲ್ಲ, ಲ್ಯಾಂಬ್ಡಾ ಮಾತ್ರ ಎಲ್ಲ ಪೆಟ್ರೋಲಿಗೂ ಒಂದೇ. ಗಾಳಿಯಿಂದ ತಣಿಯುವ ನಿಮ್ಮ ದೊಡ್ಡ ಸಿಂಗಲ್ಲಿಗೆ ಐಡಲ್ ಮತ್ತು ಸಮನಾದ ಓಟದಲ್ಲಿ 0.95ರಿಂದ 1.0, ಪೂರ್ತಿ ತೆರೆದಾಗ 0.85ರಿಂದ 0.87 ಇರಲಿ. ಐಡಲ್‌ನ ರೀಡಿಂಗ್ ಬಗ್ಗೆ ಒಂದು ಎಚ್ಚರಿಕೆ: ಗಿಡ್ಡ ಸೈಲೆನ್ಸರಿನಲ್ಲಿ ಹೊರಗಿನ ಗಾಳಿ ಹಿಂದಕ್ಕೆ ನುಗ್ಗಿ ಲೀನ್ ಎಂದು ತೋರಿಸುತ್ತದೆ. ಅಲ್ಲಿ ಮೀಟರಿಗಿಂತ ಎಂಜಿನ್ ನಿಲ್ಲುವ ರೀತಿ ನೋಡಿ.

ಥ್ರಾಟಲ್ 5, 10, 20, 40, 60, 80, 100 ಹೀಗೆ ಹಿಡಿದು ಮ್ಯಾಪಿನ ಪ್ರತಿ ಮನೆ ತುಂಬಿ. ಸೂತ್ರ ಒಂದೇ: ಬಂದ ಲ್ಯಾಂಬ್ಡಾ ÷ ಬೇಕಾದ ಲ್ಯಾಂಬ್ಡಾ. ಬಂದದ್ದು 0.95, ಬೇಕಾದ್ದು 0.87 ಆದರೆ 1.092, ಅಂದರೆ ಶೇ. 9 ಹೆಚ್ಚು. ಆ ಮನೆಯಲ್ಲಿ ಮೊದಲೇ +6 ಇದ್ದರೆ ಕೂಡಿಸಿ 15 ಬರೆಯಬೇಡಿ. 1.06 × 1.092, ಸುಮಾರು 16 ಬರೆಯಿರಿ. ಈ ಕೆಲಸ ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡುವುದೇ ಸರಿ. ಲಾರಿ ಓಡುವ 48ನೇ ಹೆದ್ದಾರಿಯಲ್ಲಿ ಲ್ಯಾಪ್‌ಟಾಪ್ ನೋಡುತ್ತ ಗಾಡಿ ಓಡಿಸುವ ಸಾಹಸ ಬೇಡ.

ಪೆಟ್ರೋಲ್ ಸರಿಯಾದ ಮೇಲೂ ಸದ್ದು ಉಳಿದರೆ ಆಗ ಟೈಮಿಂಗ್. ಇಡೀ ಮ್ಯಾಪನ್ನು ಹಿಂದಕ್ಕೆ ಎಳೆಯಬೇಡಿ. ನಿಮ್ಮ ತಕರಾರು 2,200ರಿಂದ 3,500 ಆರ್‌ಪಿಎಂ, ಶೇ. 60ರ ಮೇಲಿನ ಥ್ರಾಟಲ್, ಆ ಚೌಕದಲ್ಲಿ ಮಾತ್ರ. ಅಲ್ಲಿ 3 ಡಿಗ್ರಿ ಹಿಂದಕ್ಕೆ ತಂದು, ಸದ್ದಿಲ್ಲದಿದ್ದರೆ ಒಂದೊಂದೇ ಡಿಗ್ರಿ ಮುಂದಕ್ಕೆ. ಡೈನೋದಲ್ಲಿ ಟಾರ್ಕ್ ಏರದಿದ್ದರೆ ಆ ಡಿಗ್ರಿ ವಾಪಸ್ ತೆಗೆಯಿರಿ, ಅದರಿಂದ ಬಿಸಿಯಲ್ಲದೆ ಬೇರೇನೂ ಸಿಗದು. ಹೆಲ್ಮೆಟ್ಟಿನೊಳಗೆ ಸದ್ದು ಕೇಳದಷ್ಟು ಸಣ್ಣ ನಾಕಿಂಗ್ (ಅದೇ ಕಟಕಟ) ಕೂಡ ಇರುತ್ತದೆ. ತಾಮ್ರದ ಕೊಳವೆಯ ಒಂದು ತುದಿ ಚಪ್ಪಟೆ ಮಾಡಿ ಹೆಡ್ಡಿನ ಬೋಲ್ಟಿಗೆ ಬಿಗಿದು, ಇನ್ನೊಂದು ತುದಿಗೆ ರಬ್ಬರ್ ಟ್ಯೂಬ್ ಹಾಕಿ ಕಿವಿಗೆ ತಂದರೆ ಡೈನೋ ಮೇಲೆ ಸ್ಪಷ್ಟವಾಗಿ ಕೇಳುತ್ತದೆ. ಪ್ಲಗ್ಗಿನ ಬಣ್ಣಕ್ಕಿಂತ ಅದರ ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂಥ ಕರಿಚುಕ್ಕೆ, ಹೊಳೆಯುವ ಅಲ್ಯುಮಿನಿಯಂ ಹನಿ ಇವೆಯೇ ನೋಡಿ, ಅವು ನಾಕಿಂಗಿನ ಗುರುತು.

ಇನ್ನೊಂದು ಮಾತು. ಚಿತ್ರದುರ್ಗ ಸಮುದ್ರಮಟ್ಟದಿಂದ 730 ಮೀಟರ್ ಆಸುಪಾಸಿನಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇ. 8ರಷ್ಟು ಕಡಿಮೆ. ಥ್ರಾಟಲ್ ಮತ್ತು ಆರ್‌ಪಿಎಂ ಮಾತ್ರ ನೋಡುವ ಮ್ಯಾಪನ್ನು ಇಲ್ಲಿ ಕೂದಲೆಳೆಯಷ್ಟು ಅಂಚಿಗೆ ತಂದು ನಿಲ್ಲಿಸಿ ಘಟ್ಟ ಇಳಿದರೆ ಅಲ್ಲಿ ಲೀನ್, ಮತ್ತೆ ಕಟಕಟ. ಟೈಮಿಂಗನ್ನು ಸದ್ದು ಶುರುವಾಗುವ ಅಂಚಿನಿಂದ 2 ಡಿಗ್ರಿ ಈಚೆಗೇ ಬಿಡಿ.

ಪ್ರಶ್ನೆ: ಇಂಥ ಗಾಡಿಯನ್ನು ಆರ್‌ಟಿಒದಲ್ಲಿ ತೋರಿಸಿದರೆ ತೊಂದರೆಯೇ?
— ಓದುಗ, ಹೊಳಲ್ಕೆರೆ

ಹೌದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿನ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಸಿಸಿ ಆರ್‌ಸಿಯಲ್ಲೇ ಇದೆ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯುವುದೂ ಇಲ್ಲೇ. ಟ್ರ್ಯಾಕಿಗೆ ಮಾತ್ರ ಎಂದು ಕಟ್ಟಿದ ಗಾಡಿಯನ್ನು ಟ್ರಾಲಿಯಲ್ಲಿ ಒಯ್ಯಿರಿ.

ಪ್ರಶ್ನೆ: ಯಮಹಾ ಆರ್‌ಎಕ್ಸ್ 100ಕ್ಕೆ ಪೋರ್ಟಿಂಗ್ (ಸಿಲಿಂಡರಿನ ಕಿಂಡಿ ತಿದ್ದುವುದು) ಮಾಡಿಸಿ, ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿದ ಎಕ್ಸಾಸ್ಟ್ ಪೈಪ್), ಪ್ರೋಗ್ರಾಂ ಮಾಡುವ ಸಿಡಿಐ (ಕಿಡಿ ಹಾರಿಸುವ ಪೆಟ್ಟಿಗೆ) ಹಾಕಿದ್ದೇನೆ. ಮೇಲಿನ ಆರ್‌ಪಿಎಂನಲ್ಲಿ ಎಳೆಯಲೆಂದು ಅಡ್ವಾನ್ಸ್ ಹೆಚ್ಚಿಸುತ್ತ (ಕಿಡಿ ಬೇಗ ಹಾರಿಸುತ್ತ) ಹೋದೆ. ಪಿಸ್ಟನ್ ಎಕ್ಸಾಸ್ಟ್ ಕಡೆ ಹಿಡಿಯಿತು.
— ಓದುಗ, ಪಿ.ಬಿ. ರಸ್ತೆ, ದಾವಣಗೆರೆ

ಟೂ ಸ್ಟ್ರೋಕಿನಲ್ಲಿ ಲೆಕ್ಕ ತಿರುವುಮುರುವು. ಚೇಂಬರ್ ಕೆಲಸ ಶುರು ಮಾಡಿದ ಆರ್‌ಪಿಎಂನಲ್ಲಿ ಸಿಲಿಂಡರ್ ಚೆನ್ನಾಗಿ ತುಂಬಿ ಬೇಗ ಉರಿಯುತ್ತದೆ, ಅಡ್ವಾನ್ಸ್ ಕಡಿಮೆ ಸಾಕು. ಅಲ್ಲಿಂದ ಮೇಲಕ್ಕೆ ಕಿಡಿ ತಡವಾದಷ್ಟೂ ಬಿಸಿ ಪೈಪಿಗೆ ಹೋಗುತ್ತದೆ, ಬಿಸಿ ಪೈಪಿನಲ್ಲಿ ಒತ್ತಡದ ಅಲೆ ಬೇಗ ಮರಳುತ್ತದೆ, ಎಂಜಿನ್ ಇನ್ನಷ್ಟು ಮೇಲೆ ತಿರುಗುತ್ತದೆ. ಶುರುವಿಗೆ ಐಡಲ್‌ನಲ್ಲಿ 15 ಡಿಗ್ರಿ, ಮಧ್ಯದಲ್ಲಿ 20, ಪವರ್ ತುದಿಯಲ್ಲಿ 16, ಅದರಾಚೆ 13 ಇಟ್ಟು ನೋಡಿ. ಅದಕ್ಕೂ ಮೊದಲು ಮೈನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿ, ಪ್ಲಗ್ ನೋಡಿಕೊಂಡು ಕೆಳಗಿಳಿಯಿರಿ.

ಪರದೆಯ ಮೇಲಿನ 20 ಡಿಗ್ರಿ ಎಂಜಿನ್ನಿನಲ್ಲೂ 20 ಆಗಿದೆಯೇ ಎಂಬುದೇ ದೊಡ್ಡ ಪ್ರಶ್ನೆ. ಪಿಕಪ್ ಕಾಯಿಲ್ (ಕಿಡಿಗೆ ಸಂಕೇತ ಕೊಡುವ ಸುರುಳಿ) ಎಷ್ಟು ಡಿಗ್ರಿಯಲ್ಲಿ ಕೂತಿದೆ ಎಂದು ಸಿಡಿಐಗೆ ನೀವು ಹೇಳಬೇಕು. ಅದು 3 ಡಿಗ್ರಿ ತಪ್ಪಿದರೆ ಇಡೀ ಕರ್ವ್ 3 ಡಿಗ್ರಿ ತಪ್ಪು. ಪ್ಲಗ್ ತೂತಿಗೆ ಡಯಲ್ ಗೇಜ್ ಹಾಕಿ ಟಿಡಿಸಿ (ಪಿಸ್ಟನ್ ತಲುಪುವ ಅತಿ ಮೇಲಿನ ಜಾಗ) ಹಿಡಿಯಿರಿ. ಸ್ಟ್ರೋಕ್ 50 ಮಿ.ಮೀ., ಕನೆಕ್ಟಿಂಗ್ ರಾಡ್ 100 ಮಿ.ಮೀ. ಇದ್ದರೆ ಟಿಡಿಸಿಗಿಂತ 1.06 ಮಿ.ಮೀ. ಕೆಳಗೆ 15 ಡಿಗ್ರಿ, 1.87ಕ್ಕೆ 20, 2.90ಕ್ಕೆ 25. ರಾಡ್ ಅಳೆದು ಲೆಕ್ಕ ತಿದ್ದಿಕೊಳ್ಳಿ. ಮ್ಯಾಗ್ನೆಟ್ ಮೇಲೆ ಗುರುತು ಹಾಕಿ, ಸ್ಟ್ರೋಬ್ ಲೈಟ್ ಬಿಟ್ಟು 3,000 ಮತ್ತು 7,000ದಲ್ಲಿ ಎರಡೂ ಕಡೆ ನೋಡಿ. ಮ್ಯಾಗ್ನೆಟ್ ಕೀ ಅರ್ಧ ಕತ್ತರಿಸಿದ್ದರೂ ಇಲ್ಲೇ ಸಿಕ್ಕಿಬೀಳುತ್ತದೆ. ಹೊಸ ಸಿಡಿಐ ಡಿಸಿ ಮಾದರಿಯದಾದರೆ ಅದಕ್ಕೆ ಬ್ಯಾಟರಿಯಿಂದ ಸ್ಥಿರ ಕರೆಂಟ್ ಬೇಕು, ಹಳೆಯ ಎಸಿ ಸಿಡಿಐ ವೈರಿಗೆ ನೇರ ಸಿಕ್ಕಿಸಬೇಡಿ.

ಪ್ರಶ್ನೆ: ಬಾಕ್ಸ್ ಹಾಕಿದ ಮೇಲೆ 4,500ರಲ್ಲಿ ಮಿಸ್ಸಿಂಗ್. ಬಾಕ್ಸಿನ ಲೈಟ್ ಒಮ್ಮೆ ಆರಿ ಹತ್ತುತ್ತದೆ.
— ಓದುಗ, ಚನ್ನಗಿರಿ

ಬಾಕ್ಸ್ ರೀಸೆಟ್ ಆಗುತ್ತಿದೆ. ಪ್ಲಗ್ ನೋಡಿ: ಎನ್‌ಜಿಕೆ ನಂಬರಿನಲ್ಲಿ ‘ಆರ್’ ಅಕ್ಷರ ಇರಬೇಕು, ಅದು ಒಳಗೆ ರೆಸಿಸ್ಟರ್ (ಬಾಕ್ಸನ್ನು ಕೆಡಿಸುವ ಕಿಡಿಯ ವಿದ್ಯುತ್ ಗದ್ದಲ ತಗ್ಗಿಸುವ ಭಾಗ) ಇದೆ ಎಂಬುದರ ಗುರುತು. ಕಿಡಿ ಜೋರಾಗಲೆಂದು ‘ಆರ್’ ಇಲ್ಲದ್ದು ಹಾಕಿಸಿದ್ದರೆ ಅದೇ ಕಾರಣ. ಬಾಕ್ಸಿನ ಗ್ರೌಂಡ್ ಚಾಸಿಸ್ಸಿನ ಪೇಂಟಿನ ಮೇಲೆ ಬೇಡ, ನೇರ ಬ್ಯಾಟರಿಯ ನೆಗೆಟಿವ್‌ಗೆ. ಕ್ರ್ಯಾಂಕ್ ಸೆನ್ಸರ್ ವೈರನ್ನು ಪ್ಲಗ್ ವೈರಿನಿಂದ ದೂರ ಎಳೆದು, ಅದರ ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಎರಡೂ ತುದಿ ಗ್ರೌಂಡ್ ಆದರೆ ಶೀಲ್ಡಿನಲ್ಲೇ ಕರೆಂಟ್ ಹರಿದು ಗದ್ದಲ ಹೆಚ್ಚುತ್ತದೆ. ಆಮೇಲೂ ಹೋಗದಿದ್ದರೆ ಬಾಕ್ಸಿಗೆ ಬರುವ ಪಾಸಿಟಿವ್ ವೈರಿನಲ್ಲಿ ಮಲ್ಟಿಮೀಟರ್ ಇಟ್ಟು ಎಂಜಿನ್ ಏರಿಸಿ. ಬ್ಯಾಟರಿಯಲ್ಲಿ 14 ಇದ್ದು ಅಲ್ಲಿ 12ಕ್ಕೆ ಇಳಿದರೆ ನಡುವಿನ ಕಪ್ಲರ್ ಕಪ್ಪಾಗಿದೆ, ಕತ್ತರಿಸಿ ಹೊಸ ಪಿನ್ ಹಾಕಿಸಿ.