ದತ್ತು ಮಗುವಿನ ಸುತ್ತ ಇರುವವರಿಗೆ ಎಂಥ ತರಬೇತಿ ಬೇಕು?

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಿಂದ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಮಗುವಿನ ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಅದರ ಸಾರ ಕೊಡುತ್ತಿದ್ದೇವೆ. ಅವರ ತರಗತಿಯ ಎಂಟು ವರ್ಷದ ಹುಡುಗಿಯನ್ನು ಆರನೇ ವಯಸ್ಸಿನಲ್ಲಿ ದತ್ತು ಪಡೆಯಲಾಗಿದೆ. ಬಿಸಿಯೂಟದ ಮೊಟ್ಟೆಯನ್ನು ತಿನ್ನದೆ ಪಾಟಿಚೀಲದಲ್ಲಿ ಇಟ್ಟುಕೊಳ್ಳುತ್ತಾಳೆ, ಮರುದಿನ ತರಗತಿಯೆಲ್ಲ ನಾತ. ಯಾರೇ ಅಧಿಕಾರಿ ಬಂದರೂ ಓಡಿಹೋಗಿ ಅಪ್ಪಿಕೊಳ್ಳುತ್ತಾಳೆ, ಮನೆಯಲ್ಲಿ ಮಾತ್ರ ತಾಯಿಯ ಹತ್ತಿರ ಬರುವುದಿಲ್ಲ. ‘ದತ್ತು ಅಂತ ಯಾರಿಗೂ ಹೇಳಬ್ಯಾಡ್ರಿ, ಆಕಿಗೂ’ ಎಂದು ಪಾಲಕರು ಕೇಳಿಕೊಂಡಿದ್ದಾರೆ. ಶಿಕ್ಷಕಿ ಕಲಬುರಗಿಯಲ್ಲಿ ಒಂದು ದಿನದ ಕಾರ್ಯಾಗಾರಕ್ಕೂ ಹೋಗಿಬಂದರು. ಅಲ್ಲಿ ಸಂಜೆತನಕ ಕಾಯ್ದೆಯ ಸ್ಲೈಡುಗಳು, ಕೊನೆಗೆ ಪ್ರಮಾಣಪತ್ರ. ‘ಮೊಟ್ಟೆಯ ವಿಷಯ ಎತ್ತಿದರೆ ನಕ್ಕುಬಿಟ್ಟರು. ನಮ್ಮಂಥವರಿಗೆ ನಿಜಕ್ಕೂ ಏನು ಕಲಿಸಬೇಕು? ಜಿಲ್ಲೆಗೆ ಬರೆದುಕೊಡಬೇಕೆಂದಿದ್ದೇನೆ’ ಎನ್ನುವುದು ಅವರ ಪ್ರಶ್ನೆ.

ನಕ್ಕವರು ತಪ್ಪಿದರು. ಇಡೀ ತರಬೇತಿಯನ್ನು ಆ ಮೊಟ್ಟೆಯಿಂದಲೇ ಶುರುಮಾಡಬಹುದಿತ್ತು.

ದತ್ತು ಕೊಡುವ ಕೆಲಸ ಮಾಡುವವರು ಜಿಲ್ಲೆಗೆ ಬೆರಳೆಣಿಕೆಯಷ್ಟು ಜನ: ಮಕ್ಕಳ ಕಲ್ಯಾಣ ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ದತ್ತು ಹೋಗುವ ತನಕ ಮಗುವನ್ನು ಸಾಕುವ ವಿಶೇಷ ದತ್ತು ಸಂಸ್ಥೆ. ಆಮೇಲಿನ ಹದಿನೈದು ವರ್ಷ ಆ ಮಗುವನ್ನು ದಿನಾ ನೋಡುವವರು ಬೇರೆ: ಅಂಗನವಾಡಿ ಕಾರ್ಯಕರ್ತೆ, ಆಶಾ, ನರ್ಸು, ಮೇಷ್ಟ್ರು, ಮಕ್ಕಳ ಡಾಕ್ಟರು. ಮೊದಲನೆಯವರಿಗೆ ಬೇಕಾದ ಪಾಠವನ್ನೇ ಎರಡನೆಯವರಿಗೂ ಒಪ್ಪಿಸಿದ್ದರಿಂದ ನಿಮ್ಮ ಆ ದಿನ ಹಾಳಾಯಿತು.

ಕಾಯ್ದೆ ಬೇಡವೆಂದಲ್ಲ, ಒಂದು ಗಂಟೆ ಸಾಕು. ಇಂಥ ದತ್ತು ನಡೆಯುವ ಬಾಲನ್ಯಾಯ ಕಾಯ್ದೆ 2015ರದು. 2021ರ ತಿದ್ದುಪಡಿಯ ಪ್ರಕಾರ 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವವರು ನ್ಯಾಯಾಲಯವಲ್ಲ, ಜಿಲ್ಲಾಧಿಕಾರಿ. ಎಲ್ಲೋ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಲೇಬೇಕು. ಹೆತ್ತವರು ಮಗುವನ್ನು ಒಪ್ಪಿಸಿದರೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳು ಇರುತ್ತದೆ. ‘ನಮ್ಮ ಪರಿಚಯದವರಿಗೆ ಮಕ್ಕಳಿಲ್ಲ, ಅವರಿಗೇ ಕೊಟ್ಟುಬಿಡೋಣ’ ಎಂದು ಆಸ್ಪತ್ರೆಯಲ್ಲೇ ಕೈ ಬದಲಾಯಿಸಿದರೆ 80ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಹಣ ಕೈಸೇರಿದ್ದರೆ ಅದು ಮಾರಾಟ, 81ನೇ ಕಲಂ, ಶಿಕ್ಷೆ ಇನ್ನೂ ಹೆಚ್ಚು. ಮಗುವಿನ ಗುರುತನ್ನು ಬಹಿರಂಗಪಡಿಸುವುದಕ್ಕೆ 74ನೇ ಕಲಂ ಅಡ್ಡವಿದೆ. (ಕೂಸನ್ನು ಹಸ್ತಾಂತರಿಸುವಾಗ ಸಾಲಾಗಿ ನಿಂತು ಫೋಟೊ ತೆಗೆಸಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವವರಿಗೆ ಈ ಕಲಂ ಅನ್ನು ಮೊದಲು ಓದಿಸಬೇಕು.)

ಈಗ ಮೊಟ್ಟೆಗೆ ಬರೋಣ. ಊಟ ಯಾವಾಗ ಬರುತ್ತದೆ, ಬರುತ್ತದೋ ಇಲ್ಲವೋ ಎಂಬ ಖಾತ್ರಿಯಿಲ್ಲದೆ ಬೆಳೆದ ಮಗು ಸಿಕ್ಕಿದ್ದನ್ನು ಕೂಡಿಡುತ್ತದೆ. ಅದು ಕಳ್ಳತನವಲ್ಲ, ದುರಾಸೆಯೂ ಅಲ್ಲ. ಎರಡು ವರ್ಷ ಹೊಟ್ಟೆ ತುಂಬಿದರೂ ಆ ಭಯ ಬಿಡದಿರಬಹುದು. ಸಾಮಾನ್ಯವಾಗಿ ಆಗುವ ತಪ್ಪು ಹೀಗಿರುತ್ತದೆ: ದಿಂಬಿನ ಕೆಳಗೆ ರೊಟ್ಟಿ ಸಿಗುತ್ತದೆ, ಇರುವೆ ಬರುತ್ತವೆ, ತಾಯಿ ಬಯ್ಯುತ್ತಾಳೆ, ಅಡುಗೆಮನೆಗೆ ಚಿಲಕ ಬೀಳುತ್ತದೆ. ಚಿಲಕ ಬಿದ್ದದ್ದೇ ಮಗುವಿನ ಅನುಮಾನ ಖಾತ್ರಿಯಾಯಿತು, ಕೂಡಿಡುವುದು ದುಪ್ಪಟ್ಟಾಯಿತು. ಮಾಡಬೇಕಾದ್ದು ಇದಕ್ಕೆ ತಿರುಗುಮುರುಗು. ಮನೆಯಲ್ಲಿ ಮಗುವಿನ ಕೈಗೆಟಕುವ ಜಾಗದಲ್ಲಿ ಆಕೆಯದೇ ಒಂದು ಡಬ್ಬಿ ಇರಲಿ. ಹುರಿದ ಶೇಂಗಾ, ಪುಠಾಣಿ, ಬೆಲ್ಲ, ಹೀಗೆ ಕೆಡದ ವಸ್ತು. ಅದು ಬರಿದಾಗಬಾರದು. ಬರಿದಾಗಿದ್ದು ಕಂಡರೆ ಮಾತಿಲ್ಲದೆ ತುಂಬಿಸಬೇಕು. ಊಟದ ಹೊತ್ತು ಗಡಿಯಾರದಂತೆ ಒಂದೇ ಆಗಿರಲಿ. ‘ಅಭ್ಯಾಸ ಮಾಡಿದ್ರ ಊಟ’ ಎಂಬ ಮಾತು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಬರಕೂಡದು. ಶಾಲೆಯಲ್ಲಿ ನೀವು ಮಾಡಬಹುದಾದ್ದು: ‘ಇದು ಸಂಜಿಗೆ ಬೇಕಂದ್ರ ಶೇಂಗಾ ಚಿಕ್ಕಿ ಇಟ್ಕೋ, ಮೊಟ್ಟಿ ಕೆಡ್ತದ’ ಎಂದು ಒಬ್ಬಳೇ ಇದ್ದಾಗ ಹೇಳಿ, ಕೆಡದ ತಿನಿಸು ಕೊಡುವುದು. ಚೀಲ ಶೋಧಿಸುವುದು, ತರಗತಿಯೆದುರು ಎತ್ತಿ ತೋರಿಸುವುದು ಬೇಡ. ವಾರಗಳಲ್ಲಿ ಕಡಿಮೆಯಾದರೆ ಅದೃಷ್ಟ, ಎಷ್ಟೋ ಸಲ ತಿಂಗಳುಗಳು ಹಿಡಿಯುತ್ತವೆ. ಜತೆಗೆ ಹಿಮೋಗ್ಲೋಬಿನ್ ಮತ್ತು ಜಂತುಹುಳದ ತಪಾಸಣೆ ಮಾಡಿಸಿ. ಎಲ್ಲವೂ ಮನಸ್ಸಿನದೇ ಎಂದುಕೊಳ್ಳುವುದೂ ತಪ್ಪೇ.

ಕಂಡಕಂಡವರನ್ನು ಅಪ್ಪಿಕೊಳ್ಳುವುದನ್ನು ನಮ್ಮ ಜನ ‘ಭಾಳ ಪ್ರೀತಿ ಹುಡುಗಿ, ಬ್ಯಾಗ ಹೊಂದ್ಕೊಂಡ್ಳು’ ಎನ್ನುತ್ತಾರೆ. ತರಬೇತಿಯಿಲ್ಲದ ಕಣ್ಣಿಗೆ ಕಾಣದೆ ಹೋಗುವುದು ಇದೇ. ಪಾಳಿಯ ಮೇಲೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗುವಿಗೆ ದೊಡ್ಡವರೆಲ್ಲ ಒಂದೇ. ‘ಇವಳು ನನ್ನವಳು’ ಎಂಬ ಬಂಧ ಇನ್ನೂ ಬೆಸೆದಿಲ್ಲ ಎಂದರ್ಥ. ಕಾನೂನಿನ ಪ್ರಕಾರ ಮಗು ಮನೆಗೆ ಬಂದಂದಿನಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮನೆಗೆ ಭೇಟಿ ಕೊಟ್ಟು, ಮಗು ಹೇಗಿದೆ ಎಂಬ ಅನುಸರಣಾ ವರದಿ ಆಗಬೇಕು. ಆ ಭೇಟಿಗಳಲ್ಲಿ ತೂಕ, ಫೋಟೊ, ‘ಮಗು ಚೆನ್ನಾಗಿದೆ’ ಎಂಬ ಸಾಲು ದಾಖಲಾಗುತ್ತವೆ. ನೋಡಬೇಕಾದ್ದು ಬೇರೆ. ಬಿದ್ದು ಪೆಟ್ಟಾದಾಗ ಯಾರ ಹತ್ತಿರ ಓಡುತ್ತಾಳೆ? ರಾತ್ರಿ ಎಷ್ಟು ಸಲ ಏಳುತ್ತಾಳೆ, ಎದ್ದಾಗ ಅಳುತ್ತಾಳೋ, ಸುಮ್ಮನೆ ಕಣ್ಣುಬಿಟ್ಟು ಮಲಗಿರುತ್ತಾಳೋ? ಸುಮ್ಮನಿರುವುದು ಹೆಚ್ಚು ಚಿಂತೆಯ ವಿಷಯ, ಅತ್ತರೆ ಯಾರಾದರೂ ಬರುತ್ತಾರೆಂಬ ನಂಬಿಕೆಯೇ ಅಲ್ಲಿಲ್ಲ. ತಾಯಿಯನ್ನು ಅತ್ತೆ ಎದುರಲ್ಲದೆ ಪ್ರತ್ಯೇಕವಾಗಿ ಮಾತಾಡಿಸಬೇಕು. ವರ್ಷಗಟ್ಟಲೆ ಬಂಜೆ ಎಂಬ ಮಾತು ಕೇಳಿ, ಚಿಕಿತ್ಸೆ ಮಾಡಿಸಿ ದಣಿದು, ಕೊನೆಗೆ ಮಗು ಬಂದ ಮೇಲೂ ಖಿನ್ನತೆಗೆ ಜಾರುವ ತಾಯಂದಿರಿದ್ದಾರೆ. ‘ಬೇಡಿ ಪಡಕೊಂಡೀನಿ, ಈಗ ಅಳಲಿಕ್ಕೆ ನನಗೇನು ಹಕ್ಕು’ ಎಂದು ಬಾಯಿ ಕಟ್ಟಿಕೊಂಡಿರುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ. ಇನ್ನೊಂದು ಮಾತು: ಕಷ್ಟ ಶುರುವಾಗುವುದು ಬಹುಪಾಲು ಮೊದಲ ಮೂರು ತಿಂಗಳಲ್ಲಿ, ಮೊದಲ ವರದಿ ಬರುವುದು ಆರನೇ ತಿಂಗಳಿಗೆ. ನಡುವೆ ಒಂದು, ಮೂರು, ಆರನೇ ವಾರ ಫೋನು ಮಾಡುವುದಕ್ಕೆ ಯಾವ ಆದೇಶವೂ ಬೇಕಿಲ್ಲ.

ಮನೆಯವರಿಗೆ ಹೇಳಬೇಕಾದ್ದು ನಮ್ಮ ಕಡೆಯ ಕೂಡುಕುಟುಂಬಗಳಲ್ಲಿ ಸ್ವಲ್ಪ ಕಷ್ಟದ ಮಾತು. ಮೊದಲ ಎರಡು-ಮೂರು ತಿಂಗಳು ಉಣಿಸುವುದು, ಎರೆಯುವುದು, ಮಲಗಿಸುವುದು ತಂದೆತಾಯಿ ಮಾತ್ರ. ಅಜ್ಜಿ, ಕಾಕಿ, ಓಣಿಯವರು ಆಡಿಸಲಿ, ಉಣಿಸುವುದು ಬೇಡ. ತೊಟ್ಟಿಲ ಕಾರ್ಯ, ಊರೂಟ ಮುಂದಕ್ಕೆ ಹಾಕಬಹುದು. ಸಂಸ್ಥೆಯಲ್ಲಿ ಹೊದೆಯುತ್ತಿದ್ದ ಚಾದರ ಕೇಳಿ ತರಬೇಕು, ತಂದ ಕೂಡಲೇ ತೊಳೆಯಬಾರದು. ಆ ವಾಸನೆಯೊಂದೇ ಮಗುವಿಗೆ ಗೊತ್ತಿರುವ ಗುರುತು. ಹತ್ತಾರು ಮಕ್ಕಳ ನಡುವೆ ದೀಪ ಹಚ್ಚಿಟ್ಟ ಕೋಣೆಯಲ್ಲಿ ಮಲಗಿದ ಮಗುವನ್ನು ಒಂಟಿ ಕತ್ತಲ ಕೋಣೆಗೆ ಹಾಕಬಾರದು.

ಬೀದರ್, ಕಲಬುರಗಿಯಲ್ಲಿ ಭಾಷೆಯ ತೊಡಕೂ ಇದೆ. ದಖನಿ, ಮರಾಠಿ, ತೆಲುಗು, ಲಂಬಾಣಿ ಕೇಳಿ ಬೆಳೆದ ನಾಲ್ಕು ವರ್ಷದ ಮಗು ಕನ್ನಡದ ಮನೆಗೆ ಬಂದರೆ ಕೆಲವು ವಾರ, ಕೆಲವೊಮ್ಮೆ ತಿಂಗಳು, ಮಾತೇ ನಿಲ್ಲಿಸಬಹುದು. ಅದನ್ನು ಬುದ್ಧಿಮಾಂದ್ಯ ಎಂದು ಬರೆದುಬಿಡುವವರಿದ್ದಾರೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಜತೆಗೆ ಸಂಸ್ಥೆಯವರಿಂದ ಆ ಮಗು ಬಳಸುತ್ತಿದ್ದ ಇಪ್ಪತ್ತು ಶಬ್ದ ಬರೆಸಿಕೊಳ್ಳಿ: ನೀರು, ಹಸಿವು, ನೋವು, ಸಂಡಾಸು, ಸಾಕು, ಭಯ. ಮನೆಯವರೂ ಅಂಗನವಾಡಿಯವರೂ ಆ ಇಪ್ಪತ್ತನ್ನು ಕಲಿಯಲಿ. ಹೆಸರು ಬದಲಿಸುವ ಉತ್ಸಾಹವನ್ನೂ ತಡೆಯಬೇಕು. ಐದಾರು ವರ್ಷ ಒಂದು ಹೆಸರಿಗೆ ಓಗೊಟ್ಟ ಮಗುವಿಗೆ ಅದು ತನ್ನದೆನ್ನುವ ಏಕೈಕ ಆಸ್ತಿ.

ತರಬೇತಿಯ ಅರ್ಧದಷ್ಟು ಹೊತ್ತು ಮಾತಿನ ತಾಲೀಮಿಗೆ ಹೋಗಬೇಕು ಎನ್ನುವುದು ನಮ್ಮ ನಿಲುವು. ಇಬ್ಬಿಬ್ಬರಾಗಿ ಕೂತು, ನಮ್ಮ ಆಡುಮಾತಿನಲ್ಲೇ, ಬಾಯಿಬಿಟ್ಟು ಹೇಳಿ ನೋಡಬೇಕು. ಅಂಗನವಾಡಿಯ ಮುಂದೆ ಒಬ್ಬಾಕೆ ಕೇಳುತ್ತಾಳೆ: ‘ಇದು ಅವರದಲ್ಲಂತಲ್ಲ ಬಾಯಿ?’ ಉತ್ತರ: ‘ಅವರ ಮಗಳೇರಿ. ಉಳಿದ ಸುದ್ದಿ ಅವರ ಮನಿಯವರು ಹೇಳಬೇಕು, ನಾ ಅಲ್ಲ.’ ಹುಡುಗಿಯೇ ಬಂದು ಕೇಳುತ್ತಾಳೆ: ‘ಟೀಚರ್, ನಮ್ಮವ್ವ ನನ್ನ ಯಾಕ ಬಿಟ್ಟು ಹೋದಳ್ರಿ?’ ಎಲ್ಲರ ಬಾಯಿಗೂ ಥಟ್ಟನೆ ಬರುವುದು, ‘ಹಂಗೆಲ್ಲ ವಿಚಾರ ಮಾಡಬಾರದವ್ವ, ಈಗ ಚೊಲೋ ಮನಿ ಸಿಕ್ಕದಲ್ಲ.’ ಅಲ್ಲಿಗೆ ಬಾಗಿಲು ಮುಚ್ಚಿತು, ಮತ್ತೆ ಆಕೆ ಕೇಳುವುದಿಲ್ಲ. ಬದಲಿಗೆ: ‘ಅದು ಮನಸ್ಸಿನ್ಯಾಗ ಭಾಳ ಬರ್ತದೇನು? ನನಗ ಗೊತ್ತಿಲ್ಲ. ಅವ್ವ-ಅಪ್ಪಗ ಎಷ್ಟು ಗೊತ್ತದ, ಕೇಳೂಣು. ನಾನೂ ಜೋಡಿ ಇರ್ತೀನಿ.’ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ‘ಅಪಘಾತದಾಗ ತೀರಿಕೊಂಡರು’ ಎಂಬ ಕಟ್ಟುಕಥೆ ಒಂದು ದಿನ ಕುಸಿಯುತ್ತದೆ, ಕುಸಿದಾಗ ಹೇಳಿದವರ ಮೇಲಿನ ನಂಬಿಕೆಯನ್ನೂ ಎಳೆದುಕೊಂಡು ಹೋಗುತ್ತದೆ. ತಾಲೀಮಿನಲ್ಲಿ ಬಾಯಿಂದ ಅಳಿಸಿಹಾಕಬೇಕಾದ ವಾಕ್ಯ ಒಂದಿದೆ: ‘ಹೊಳ್ಳಿ ಆಶ್ರಮಕ್ಕ ಬಿಟ್ಟು ಬರ್ತೀನಿ ನೋಡು.’ ಬೇರೆ ಮಕ್ಕಳಿಗೆ ಇಂಥದು ಬರೀ ಗದರಿಕೆ. ಈ ಮಗುವಿಗೆ ಅದು ಈಗಾಗಲೇ ನಡೆದುಹೋದ ಸಂಗತಿ. ತರಗತಿಯ ಹೊರಗೆ ನಿಲ್ಲಿಸುವ ಶಿಕ್ಷೆಯೂ ಹಾಗೆಯೇ. ಹೊರಗೆ ಕಳಿಸುವ ಬದಲು ನಿಮ್ಮ ಮೇಜಿನ ಪಕ್ಕ ಕೂಡಿಸಿಕೊಳ್ಳಿ.

ಕುಟುಂಬದ ಬಗೆಗಿನ ಪಾಠಕ್ಕೆ ವಂಶವೃಕ್ಷ, ‘ನೀನು ಕೂಸಿದ್ದಾಗಿನ ಫೋಟೊ ತಾ’ ಎಂಬ ಮನೆಗೆಲಸ ಇವೆಲ್ಲ ಬರುತ್ತವೆ. ‘ನಮ್ಮ ಮನಿಯಾಗ ಯಾರ್ಯಾರಿದ್ದೇವೆ’ ಎಂದು ಮನೆಯ ಚಿತ್ರ ಬರೆಯಿಸಿ, ಯಾವ ವಯಸ್ಸಿನ ಫೋಟೊ ಆದರೂ ಆಗುತ್ತದೆ ಎನ್ನಿ. ಅಪ್ಪನಿಲ್ಲದ, ಗುಳೆ ಹೋದ ಮನೆಗಳ ಮಕ್ಕಳಿಗೂ ಅದರಿಂದ ಉಸಿರು ಬರುತ್ತದೆ. ದಾಖಲಾತಿಗೆ ಜನನ ಪ್ರಮಾಣಪತ್ರ ಸಾಕು, ಅದರಲ್ಲಿ ದತ್ತು ಪಡೆದವರೇ ತಂದೆತಾಯಿ. ದತ್ತು ಆದೇಶದ ನಕಲನ್ನು ಶಾಲೆಯ ಕಡತಕ್ಕೆ ಹಚ್ಚಿದರೆ ಊರಿಗೆಲ್ಲ ಓದಲು ಕೊಟ್ಟಂತೆ.

ಹೆರಿಗೆ ವಾರ್ಡಿನ ನರ್ಸುಗಳನ್ನು ಈ ತರಬೇತಿಗೆ ಕರೆಯುವುದನ್ನು ಎಲ್ಲರೂ ಮರೆಯುತ್ತಾರೆ. ಮಗುವನ್ನು ಒಪ್ಪಿಸಿಹೋಗುವ ತಾಯಿ ಬಾಯಿಬಿಟ್ಟು ಆಡುವ ನಾಲ್ಕು ಮಾತು, ಮುಂದೆ ಆ ಮಗುವಿಗೆ ಸಿಗುವ ಪೂರ್ವಕಥೆ ಅಷ್ಟೇ ಆಗಿರಬಹುದು. ಬೈದು ಕಳಿಸಿದರೆ ಆಕೆ ಏನೂ ಹೇಳುವುದಿಲ್ಲ. ಹುಟ್ಟಿದ ಹೊತ್ತು, ತೂಕ, ಮನೆಯಲ್ಲಿದ್ದ ಕಾಯಿಲೆಗಳು, ತಾಯಿ ಮಗುವಿಗೆ ಹೇಳಬಯಸಿದ್ದು, ಇವನ್ನು ಬರೆದು ಸಮಿತಿಗೆ ಕೊಡುವ ಕಡತಕ್ಕೆ ಸೇರಿಸಬೇಕು. 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅರ್ಜಿ ಹಾಕುವ ಹಕ್ಕು ಮಗುವಿಗಿದೆ. ಅಂದು ಕಡತದಲ್ಲಿ ಏನಾದರೂ ಇರಬೇಕಲ್ಲ.

ಡಾಕ್ಟರುಗಳಿಗೆ ಎರಡು ಮಾತು. ‘ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ?’ ಎಂದು ಮಗುವಿನೆದುರು ಕೇಳುವ ಮುನ್ನ ಕಡತ ನೋಡಿ. ದತ್ತು ಬಂದ ಮೇಲೆ ಚೆನ್ನಾಗಿ ಉಂಡು ಬೇಗ ಬೆಳೆದ ಹುಡುಗಿಯರಲ್ಲಿ ಕೆಲವರು ಬೇಗ ಪ್ರಾಯಕ್ಕೆ ಬರುತ್ತಾರೆ. ಎಂಟು ತುಂಬುವ ಮೊದಲೇ ಲಕ್ಷಣ ಕಂಡರೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಅಂದಾಜಿನ ಮೇಲೆ ಬರೆದ ಜನ್ಮದಿನಾಂಕವಾದರೆ ಈ ಲೆಕ್ಕವೂ ಅಂದಾಜೇ.

ಅಣ್ಣನ ಮಗನನ್ನು ತಮ್ಮ ದತ್ತಕ ಪಡೆಯುವುದು ನಮ್ಮಲ್ಲಿ ಹಳೆಯ ರೂಢಿ. 1956ರ ಹಿಂದೂ ದತ್ತಕ ಕಾಯ್ದೆಯಡಿ ನಡೆಯುವ ಇಂಥವಕ್ಕೆ ಅನುಸರಣಾ ಭೇಟಿ ಇರುವುದಿಲ್ಲ. ಮದುವೆಮನೆಯಲ್ಲೋ ಹೊಲದ ಜಗಳದಲ್ಲೋ ಮಗುವಿಗೆ ವಿಷಯ ತಿಳಿಯುತ್ತದೆ. ತರಬೇತಿಯಲ್ಲಿ ಇವರನ್ನು ಬಿಡಬಾರದು. ಮುಸ್ಲಿಂ ಕುಟುಂಬಗಳೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟಪಡಿಸಿದೆ. ಪಡೆಯಲೇಬೇಕೆಂದಿಲ್ಲ, ಆ ಆಯ್ಕೆ ಅವರದು. ಅಲ್ಲಿ ಕಾರ್ಯಕರ್ತೆ ಧರ್ಮದ ಚರ್ಚೆಗೆ ಇಳಿಯಬಾರದು.

ಪಾಲಕರ ಗುಟ್ಟಿನ ಬಗ್ಗೆ. ಊರಿಗೆ ಹೇಳದಿರುವುದು ಅವರ ಹಕ್ಕು, ನೀವು ಕಾಪಾಡಿ. ಆದರೆ ಆರನೇ ವಯಸ್ಸಿಗೆ ಬಂದ ಹುಡುಗಿಗೆ ಎಲ್ಲವೂ ನೆನಪಿದೆ. ಅವಳಿಗೆ ಹೇಳಬೇಡಿ ಎಂದರೆ ಅವಳ ನೆನಪನ್ನು ಯಾರೂ ಮಾತಾಡಬೇಡಿ ಎಂದಷ್ಟೇ ಆಗುತ್ತದೆ. ತಂದೆತಾಯಿ ಇಬ್ಬರನ್ನೂ ಕೂಡಿಸಿಕೊಂಡು ಇದನ್ನು ಹೇಳಿ, ಅದಕ್ಕಿಂತ ಮುಂದೆ ಹೋಗಿ ನೀವೇ ಮಗುವಿಗೆ ಹೇಳಬೇಡಿ. ಒಪ್ಪದಿದ್ದರೆ ರಕ್ಷಣಾ ಘಟಕದ ಆಪ್ತಸಮಾಲೋಚಕರ ಬಳಿ ಕಳಿಸಿ. ಹೊಂದಾಣಿಕೆಯ ತೊಂದರೆಯಿದ್ದರೆ ಸಮಾಲೋಚನೆ ಏರ್ಪಡಿಸುವುದು ದತ್ತು ನಿಯಮಾವಳಿ 2022ರ ಪ್ರಕಾರ ಸಂಸ್ಥೆಯ ಅಥವಾ ಘಟಕದ ಕೆಲಸ. ಮಗುವಿನ ತುರ್ತಿಗೆ 1098, ತಾಯಿಯ ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416. ಎರಡೂ ಉಚಿತ.

ಜಿಲ್ಲೆಗೆ ಬರೆಯುವಾಗ ಹೀಗೆ ಕೇಳಿ: ಒಂದು ದಿನವಲ್ಲ, ಮೂರು ದಿನ. ಇಪ್ಪತ್ತೈದಕ್ಕಿಂತ ಹೆಚ್ಚು ಜನ ಬೇಡ, ತಾಲೀಮು ನಡೆಯುವುದಿಲ್ಲ. ಇಲಾಖೆವಾರು ಕರೆಯದೆ ಒಂದೇ ಹೋಬಳಿಯ ಶಿಕ್ಷಕರು, ಅಂಗನವಾಡಿ ಮೇಲ್ವಿಚಾರಕಿ, ನರ್ಸು, ಘಟಕದ ಸಮಾಜಕಾರ್ಯಕರ್ತರು ಒಟ್ಟಿಗಿರಲಿ. ಆಮೇಲೆ ಒಬ್ಬರಿಗೊಬ್ಬರು ಫೋನು ಮಾಡುವವರು ಅವರೇ. ಮುಂದಿನ ಆರು ತಿಂಗಳು ತಿಂಗಳಿಗೆರಡು ಗಂಟೆ, ಹೆಸರು ಅಳಿಸಿದ ಒಂದೊಂದು ಪ್ರಕರಣದ ಚರ್ಚೆ. ಇದಿಲ್ಲದಿದ್ದರೆ ಮೂರು ದಿನದ್ದೂ ಮಳೆಗಾಲ ಮುಗಿಯುವುದರೊಳಗೆ ಮರೆತುಹೋಗುತ್ತದೆ. ಕಲಿಸಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ಕೆಲಸ ಮಾಡುವ ‘ಸಂವಾದ್’ ತಂಡವನ್ನು ಕೇಳಬಹುದು, ಕಲಬುರಗಿಯ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗವನ್ನೂ ಜಿಲ್ಲಾ ಮಾನಸಿಕ ಆರೋಗ್ಯ ತಂಡವನ್ನೂ ಸೇರಿಸಿಕೊಳ್ಳಬಹುದು. ದತ್ತು ಹೋಗಿ ಬೆಳೆದವರನ್ನೂ ಪಾಲಕರನ್ನೂ ಕರೆಯಿರಿ, ವೇದಿಕೆಯಲ್ಲಿ ಅಳಿಸಲಿಕ್ಕಲ್ಲ, ಪಾಠ ರೂಪಿಸಲಿಕ್ಕೆ; ಅವರಿಗೂ ಸಂಭಾವನೆ ಇರಲಿ. ಕೊನೆಯ ದಿನ ಅಭಿಪ್ರಾಯ ಹಾಳೆ ತುಂಬಿಸುವ ಬದಲು ಮೂರು ತಿಂಗಳ ಮೇಲೆ ಮೂರು ಸನ್ನಿವೇಶ ಕೊಟ್ಟು ಮಾತಾಡಿಸಿ ನೋಡಲಿ. ಮನವಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯ ಹೆಸರಿಗಿರಲಿ, ಪ್ರತಿಗಳು ಕ್ಷೇತ್ರ ಶಿಕ್ಷಣಾಧಿಕಾರಿಗೂ ತಾಲ್ಲೂಕು ಆರೋಗ್ಯಾಧಿಕಾರಿಗೂ ಹೋಗಲಿ. ಅದರಲ್ಲಿ ನಿಮ್ಮ ವಿದ್ಯಾರ್ಥಿನಿಯ ಹೆಸರು, ತರಗತಿ, ಊರು ಯಾವುದೂ ಬೇಡ.