ತೀರ್ಮಾನಕ್ಕೆ ಮೊದಲು ಕೇಳಬೇಕು

ಸಾಗರದಿಂದ ನಿವೃತ್ತ ಉಪಾಧ್ಯಾಯರೊಬ್ಬರು ಬರೆದಿದ್ದಾರೆ: "ನನ್ನ ಮಗಳು ಜರ್ಮನಿಯಲ್ಲಿ ಎಂಜಿನಿಯರ್. ಅವಳ ಕಂಪನಿಗೆ ಯುರೋಪಿನ ಐದಾರು ದೇಶಗಳಲ್ಲಿ ಕಾರ್ಖಾನೆಗಳಿವೆ. ಅಲ್ಲಿನ ನೌಕರರ ಮಂಡಳಿಯ ಚುನಾವಣೆಗೆ ನಿಲ್ಲು ಎಂದು ಜೊತೆಯವರು ಒತ್ತಾಯ ಮಾಡುತ್ತಿದ್ದಾರಂತೆ. ಪರದೇಶದಲ್ಲಿ ವೀಸಾ ಮೇಲಿರುವವಳಿಗೆ ಯೂನಿಯನ್ ಉಸಾಬರಿ ಯಾಕೆಂದು ಬೇಡ ಅಂದೆ. ಕೊನೆಗೆ ಕಂಪನಿ ತನಗೆ ಬೇಕಾದ್ದನ್ನೇ ಮಾಡುವುದಾದರೆ ಇಂಥ ಮಂಡಳಿಯಿಂದ ಏನು ಪ್ರಯೋಜನ?"

ಸಂಪಾದಕರ ಉತ್ತರ:

ಮಾನ್ಯ ಮೇಷ್ಟ್ರೇ, ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಇದು ಯೂನಿಯನ್ ಅಲ್ಲ. ಜರ್ಮನಿಯಲ್ಲಿ ಯೂನಿಯನ್ ಬೇರೆ, ಬೆಟ್ರೀಬ್ಸ್‌ರಾಟ್ ಎನ್ನುವ ನೌಕರರ ಮಂಡಳಿ ಬೇರೆ. ಐದು ಜನ ಕಾಯಂ ನೌಕರರಿರುವ ಕಡೆಯೂ ಅದನ್ನು ಚುನಾಯಿಸಿಕೊಳ್ಳುವ ಹಕ್ಕಿದೆ. ನಾಲ್ಕು ವರ್ಷಕ್ಕೊಮ್ಮೆ ಮತದಾನ, ಖರ್ಚೆಲ್ಲ ಕಂಪನಿಯದು, ಸಭೆ ಕೆಲಸದ ವೇಳೆಯಲ್ಲೇ, ಸಂಬಳಕ್ಕೆ ಕತ್ತರಿಯಿಲ್ಲ. ಸ್ಪರ್ಧಿಸಲು ಜರ್ಮನ್ ಪೌರತ್ವ ಬೇಕಿಲ್ಲ. 1972ರ ಕಾಯ್ದೆಯಿಂದಲೇ ಎಲ್ಲ ವಿದೇಶಿ ನೌಕರರಿಗೂ ಆ ಹಕ್ಕು ಸಿಕ್ಕಿದೆ.

ಈ ಮಂಡಳಿಗೆ ಹಲ್ಲಿಲ್ಲ ಎನ್ನುವಂತೆಯೂ ಇಲ್ಲ. ಓವರ್‌ಟೈಮ್, ಪಾಳಿಯ ಸಮಯ, ನೌಕರರ ಮೇಲೆ ಕಣ್ಣಿಡಬಲ್ಲ ಸಾಫ್ಟ್‌ವೇರ್, ಇಂಥವನ್ನು ಅದರ ಒಪ್ಪಿಗೆಯಿಲ್ಲದೆ ಕಂಪನಿ ಜಾರಿಗೆ ತರುವಂತಿಲ್ಲ. ಯಾರನ್ನೇ ಕೆಲಸದಿಂದ ತೆಗೆಯುವ ಮೊದಲು ಮಂಡಳಿಗೆ ಕಾರಣ ಹೇಳಿ ಅಭಿಪ್ರಾಯ ಕೇಳಬೇಕು. ಕೇಳದೆ ಕೊಟ್ಟ ವಜಾ ಪತ್ರಕ್ಕೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಮಂಡಳಿ ಬೇಡ ಅಂದರೂ ಕಂಪನಿ ಮುಂದುವರಿಯಬಹುದು, ನಿಜ. ಆದರೆ ಆ ನೌಕರ ನಾಳೆ ಕೋರ್ಟಿಗೆ ಹೋದಾಗ ಮಂಡಳಿಯ ಆಕ್ಷೇಪಣೆ ಅವನ ಕೈಯಲ್ಲಿರುತ್ತದೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಅದು ಹೆಚ್ಚು ಕಟುವಾದದ್ದು, ಉತ್ತರವೂ ಅಷ್ಟು ಸುಲಭವಲ್ಲ. ಜರ್ಮನಿಯ ಮಂಡಳಿಯ ಅಧಿಕಾರ ಜರ್ಮನಿಯ ಗಡಿಗೆ ಮುಗಿಯುತ್ತದೆ. ಪ್ಯಾರಿಸ್ಸಿನಲ್ಲಿ ಕುಳಿತವರು ಬೆಲ್ಜಿಯಂನ ಕಾರ್ಖಾನೆ ಮುಚ್ಚಲು ಹೊರಟರೆ ಯಾರು ಕೇಳಬೇಕು? ಅದಕ್ಕಾಗಿ ಯುರೋಪಿಯನ್ ಒಕ್ಕೂಟ 1994ರಲ್ಲಿ ಒಂದು ನಿರ್ದೇಶನ, ಅಂದರೆ ಸದಸ್ಯ ದೇಶಗಳು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕಾದ ನಿಯಮ, ತಂದಿತು. ಒಕ್ಕೂಟದ ದೇಶಗಳಲ್ಲಿ ಒಟ್ಟು 1,000 ನೌಕರರು, ಕನಿಷ್ಠ ಎರಡು ದೇಶಗಳಲ್ಲಿ ತಲಾ 150 ಜನ ಇರುವ ಕಂಪನಿಯಲ್ಲಿ ನೌಕರರು ಬಯಸಿದರೆ ಯುರೋಪ್ ಮಟ್ಟದ ಮಂಡಳಿ ರಚಿಸಬಹುದು. ಎರಡು ದೇಶಗಳ 100 ನೌಕರರು ಬರೆದು ಕೇಳಿದರೆ ಸಾಕು, ಕಂಪನಿ ಮಾತುಕತೆಗೆ ಬರಲೇಬೇಕು. ಬೇಕೆಂದೇ ಎಳೆದಾಡಿದರೆ ಮೂರು ವರ್ಷದ ನಂತರ ಕಾನೂನೇ ಹೇಳಿದ ಮಾದರಿಯ ಮಂಡಳಿ ಬರುತ್ತದೆ.

ಇದರ ಬೆಲೆ ಗೊತ್ತಾದದ್ದು 1997ರಲ್ಲಿ. ಆ ವರ್ಷ ಫೆಬ್ರವರಿ 27ರಂದು ಫ್ರಾನ್ಸಿನ ರೆನೋ ಕಂಪನಿ ಬ್ರಸೆಲ್ಸ್ ಪಕ್ಕದ ವಿಲ್ವೋರ್ಡೆಯ ಕಾರು ಕಾರ್ಖಾನೆ ಮುಚ್ಚುವುದಾಗಿ ಘೋಷಿಸಿಬಿಟ್ಟಿತು. ಸುಮಾರು 3,100 ಜನರ ಅನ್ನದ ಪ್ರಶ್ನೆ. ಕಂಪನಿಯಲ್ಲಿ ಯುರೋಪ್ ಮಂಡಳಿ ಇತ್ತು. ಅದನ್ನು ಒಂದು ಮಾತೂ ಕೇಳಿರಲಿಲ್ಲ. ಬೆಲ್ಜಿಯಂ ಕೆಲಸಗಾರರ ಪರವಾಗಿ ಫ್ರಾನ್ಸ್, ಸ್ಪೇನ್‌ನ ರೆನೋ ಕಾರ್ಖಾನೆಗಳಲ್ಲೂ ಕೆಲಸ ನಿಂತಿತು. ಏಪ್ರಿಲ್‌ನಲ್ಲಿ ಫ್ರಾನ್ಸಿನ ನಾಂತೇರ್ ಕೋರ್ಟು, ಮಂಡಳಿಯೊಂದಿಗೆ ಸಮಾಲೋಚನೆ ಮುಗಿಯುವ ತನಕ ಮುಚ್ಚುವಂತಿಲ್ಲ ಎಂದಿತು. ಮೇ ತಿಂಗಳಲ್ಲಿ ವರ್ಸೇಲ್ಸ್‌ನ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು.

ಆದರೂ ಕಾರ್ಖಾನೆ ಉಳಿಯಲಿಲ್ಲ. ಅದೇ ಬೇಸಿಗೆಯಲ್ಲಿ ಬಾಗಿಲು ಹಾಕಿತು.

ಹಾಗಾದರೆ ಗೆದ್ದದ್ದೇನು? ಮುಂದಿನ ವರ್ಷವೇ ಬೆಲ್ಜಿಯಂ ಕಾಯ್ದೆ ಮಾಡಿತು: ಸಾಮೂಹಿಕವಾಗಿ ಕೆಲಸದಿಂದ ತೆಗೆಯುವ ಉದ್ದೇಶವಿದ್ದರೆ ಮೊದಲು ನೌಕರರ ಪ್ರತಿನಿಧಿಗಳ ಮುಂದಿಡಬೇಕು, ಅವರ ಪ್ರಶ್ನೆಗಳಿಗೆ, ಬದಲಿ ಸಲಹೆಗಳಿಗೆ ಉತ್ತರ ಕೊಡಬೇಕು, ಆಮೇಲಷ್ಟೇ ಮುಂದಿನ ಹೆಜ್ಜೆ. ಜನ ಅದನ್ನು ಇವತ್ತಿಗೂ ರೆನೋ ಕಾಯ್ದೆ ಎಂದೇ ಕರೆಯುತ್ತಾರೆ. 2009ರಲ್ಲಿ ಯುರೋಪಿನ ನಿರ್ದೇಶನವನ್ನೇ ತಿದ್ದಿ ಬರೆದಾಗ, ಮಂಡಳಿಯ ಅಭಿಪ್ರಾಯ ಲೆಕ್ಕಕ್ಕೆ ಬರುವಷ್ಟು ಮುಂಚಿತವಾಗಿ ಮಾಹಿತಿ ಕೊಡಬೇಕು ಎಂದು ಸೇರಿಸಿದರು. 2025ರ ಕೊನೆಯಲ್ಲಿ ಬಂದ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ: ಮಂಡಳಿ ಅಭಿಪ್ರಾಯ ಕೊಟ್ಟರೆ, ತೀರ್ಮಾನಕ್ಕೆ ಮೊದಲೇ ಕಂಪನಿ ಕಾರಣ ಸಹಿತ ಉತ್ತರ ಕೊಡಬೇಕು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕಿದೆ.

ನನ್ನ ಅಭಿಪ್ರಾಯ ಕೇಳುತ್ತೀರಾದರೆ, ಈ ಮಂಡಳಿಗಳಿಗೆ ಇನ್ನೂ ಹೆಚ್ಚಿನ ಅಧಿಕಾರ ಇರಬೇಕಿತ್ತು. ಸಮಾಲೋಚನೆ ಎಂದರೆ ತಡೆಯುವ ಹಕ್ಕಲ್ಲ. ಆದರೆ ಮೊದಲೇ ಗೊತ್ತಾಗುವುದು ಸಣ್ಣ ಮಾತಲ್ಲ. ಆರು ತಿಂಗಳ ಮುಂಚೆ ತಿಳಿದರೆ ಪರಿಹಾರದ ಮೊತ್ತಕ್ಕೆ ಚೌಕಾಸಿ ಮಾಡಬಹುದು, ಬೇರೆ ಘಟಕಕ್ಕೆ ವರ್ಗ ಕೇಳಬಹುದು, ಮುಚ್ಚುವ ಬದಲು ಪಾಳಿ ಕಡಿಮೆ ಮಾಡಿ ಎಂದು ಲೆಕ್ಕ ಸಮೇತ ವಾದಿಸಬಹುದು. ಒಂದು ದೇಶದವರಿಗೆ ಒಂದು ಕಥೆ, ಇನ್ನೊಂದು ದೇಶದವರಿಗೆ ಇನ್ನೊಂದು ಕಥೆ ಹೇಳುವುದು ಕಂಪನಿಗೂ ಕಷ್ಟವಾಗುತ್ತದೆ. ಬಂದ್ ಆದ ಗೇಟಿನ ಮುಂದೆ ನೋಟಿಸು ಓದುವ ಸ್ಥಿತಿ ಯಾವ ನೌಕರನಿಗೂ ಬರಬಾರದು.

ಇದಕ್ಕೂ ನಮಗೂ ಸಂಬಂಧವಿಲ್ಲ ಅನ್ನುವಂತಿಲ್ಲ. ಮುಖ್ಯ ಕಚೇರಿ ಯಾವ ಖಂಡದಲ್ಲಿದೆ ಎಂದು ಈ ಕಾನೂನು ನೋಡುವುದಿಲ್ಲ. ಸರ್ಜಾಪುರ ರಸ್ತೆಯಿಂದ ನಡೆಯುವ ವಿಪ್ರೋ ಕೂಡ 2023ರಲ್ಲಿ ತನ್ನ ಯುರೋಪಿನ ನೌಕರರ ಪ್ರತಿನಿಧಿಗಳೊಂದಿಗೆ ಇಂಥ ಮಂಡಳಿಗೆ ಒಪ್ಪಂದ ಮಾಡಿಕೊಂಡಿತು.

ಮಗಳ ವಿಷಯಕ್ಕೆ ಬರೋಣ. ಗೆದ್ದರೆ ಅಧಿಕಾರದ ಅವಧಿಯಲ್ಲೂ ಆಮೇಲಿನ ಒಂದು ವರ್ಷವೂ, ಗಂಭೀರ ತಪ್ಪು ಮಾಡಿದ ಹೊರತು ಅಥವಾ ಘಟಕವೇ ಮುಚ್ಚಿದ ಹೊರತು, ಅವಳನ್ನು ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಂತಿಲ್ಲ. ಸೋತರೂ ಫಲಿತಾಂಶದ ನಂತರ ಆರು ತಿಂಗಳು ರಕ್ಷಣೆ ಇದೆ. ಬೇಕಾದ ತರಬೇತಿಯೂ ಕಂಪನಿಯ ಖರ್ಚಿನಲ್ಲೇ. ಯುರೋಪ್ ಮಟ್ಟದ ಮಂಡಳಿಗೆ ಜರ್ಮನಿಯಿಂದ ಯಾರು ಹೋಗಬೇಕೆಂಬುದನ್ನು ಅಲ್ಲಿನ ನೌಕರರ ಮಂಡಳಿಗಳೇ ಆರಿಸುತ್ತವೆ. ದಾರಿ ಶುರುವಾಗುವುದು ಇಲ್ಲಿಂದಲೇ. ಕಷ್ಟವೂ ಉಂಟು. ಸಭೆ, ಕಡತ ಎಲ್ಲ ಜರ್ಮನ್ ಭಾಷೆಯಲ್ಲಿ, ಕಂಪನಿಯ ಗುಟ್ಟುಗಳನ್ನು ಹೊರಗೆ ಬಿಡುವಂತಿಲ್ಲ, ತನ್ನ ವಿಭಾಗದ ಗೆಳೆಯರಿಗೂ. ಅದನ್ನೆಲ್ಲ ಅವಳೇ ತೂಗಿ ನೋಡಲಿ.

ಅವಳು ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆಯೇ ಎಂದು ನೀವು ಬರೆದಿಲ್ಲ. ಆಗಿದ್ದರೆ ನಾಮಪತ್ರಕ್ಕೆ ಅಡ್ಡಿಯಿಲ್ಲ. ದಯವಿಟ್ಟು ಬೇಡ ಎಂದ ಮಾತನ್ನು ಹಿಂದೆ ತೆಗೆದುಕೊಂಡು ಅವಳಿಗೊಂದು ಫೋನ್ ಮಾಡಿ.