ಹೆಸರು ಬದಲಿಸಿದರೆ ಸಾಕೇ?

ಯಶವಂತಪುರದ ಓದುಗರೊಬ್ಬರು ಕಲ್ಪನಾಲೋಕದ ಕಾದಂಬರಿ ಬರೆಯುತ್ತಿದ್ದಾರೆ. ಅದರಲ್ಲಿ ತಲೆಯ ಮೇಲೆ ಹೂವಿನ ಗೋಪುರ ಹೊತ್ತ ಮಾಟಗಾರ, ಸುತ್ತ ಕತ್ತಿ ಹಿಡಿದ ಕಾಡುಜನ. ಇವರ ಗೆಳೆಯರು, ತಿಗಳ ಸಮುದಾಯದವರು, ಓದಿ, "ಇದು ನಮ್ಮ ಕರಗ ಕಣೋ" ಎಂದು ಬೇಜಾರು ಮಾಡಿಕೊಂಡರಂತೆ. "ಹೆಸರೆಲ್ಲ ಬದಲಿಸಿದ್ದೇನಲ್ಲ, ಇನ್ನೇನು ಮಾಡಲಿ?" ಎಂದು ಓದುಗರು ನಮ್ಮನ್ನು ಕೇಳಿದ್ದಾರೆ.

ಸಂಪಾದಕರ ಉತ್ತರ:

ಕರಗವನ್ನು ಮುಟ್ಟಿದ್ದು ತಪ್ಪಲ್ಲ. ಆದರೆ ನೀವು ತಂದಿದ್ದು ಹೂವು, ಕತ್ತಿ, ನಡುರಾತ್ರಿ. ಬೀದಿ ಬದಿ ನಿಂತು ನೋಡಿದವರಿಗೆ ಕಾಣುವಷ್ಟು, ಅಷ್ಟೇ.

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಡುತ್ತದೆ. ಹೂವಿನ ಕರಗವನ್ನು ತಲೆಯ ಮೇಲೆ ಹೊರುವವರು ಗಂಡಸು. ಸೀರೆ ಉಟ್ಟು, ಬಳೆ ತೊಟ್ಟು ಆ ರಾತ್ರಿ ದ್ರೌಪದಿಯಾಗುತ್ತಾರೆ. ತಿಮಿರಾಸುರನ ಜೊತೆ ಕಾದಾಡಲು ದ್ರೌಪದಿ ತಾನೇ ಹುಟ್ಟಿಸಿದವರು, ಸುತ್ತ ಕತ್ತಿ ಹಿಡಿದು ನಡೆಯುವ ಈ ವೀರಕುಮಾರರು ಎಂಬುದು ತಿಗಳರ ಕಥೆ. ಅಂದರೆ ಮಕ್ಕಳು ತಾಯಿಯ ಕಾವಲಿಗೆ ನಿಂತಿದ್ದಾರೆ. ಮೆರವಣಿಗೆ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬರುತ್ತದೆ. ನಿಮ್ಮ ಕಥೆಯಲ್ಲಿ ತಾಯಿಯೂ ಇಲ್ಲ, ದರ್ಗಾನೂ ಇಲ್ಲ. ಉಳಿದಿದ್ದು ಬರೀ ಮಾಟ. ಸಾಲದ್ದಕ್ಕೆ, ತೋಟ ಮಾಡಿ ಊರಿಗೆ ಹೂ ತರಕಾರಿ ಬೆಳೆದುಕೊಟ್ಟ ತಿಗಳರನ್ನು ಸುಮ್ನೆ ಕಾಡಿಗೆ ಅಟ್ಟಿದ್ದೀರಿ! ಬೇಜಾರಾಗದೆ ಇರುತ್ತಾ?

ನನ್ನ ಕೇಳಿದರೆ, ವೇಷ ಕದಿಯುವುದಕ್ಕಿಂತ ಊರು ನಡೆಯುತ್ತಿದ್ದ ಬಗೆಯನ್ನು ಕದಿಯಿರಿ. ಬೆಂಗಳೂರಿಗೆ ದೊಡ್ಡ ಹೊಳೆಯಿಲ್ಲ. ಅದಕ್ಕೇ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ತೂಬು ಎತ್ತಿ ಗದ್ದೆಗೆ ನೀರು ಬಿಡುತ್ತಿದ್ದವನು ನೀರಗಂಟಿ. ಅವನನ್ನು ನಿಮ್ಮ ಲೋಕಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ನೀರಿನ ಬದಲು ಬೆಳಕು ಹರಿಯುತ್ತದೆ ಅಂತಿಟ್ಟುಕೊಳ್ಳಿ. ಮೇಲಿನ ಊರು ತುಂಬಿ ಕೋಡಿ ಬಿದ್ದರೆ ಮಾತ್ರ ಕೆಳಗಿನ ಊರಿಗೆ ಬೆಳಗಾಗುವುದು. ತೂಬು ಒಬ್ಬ ಬಡವನ ಕೈಯಲ್ಲಿದೆ. ಅವನ ಮಗಳನ್ನು ಕೆಳಗಿನ ಊರಿಗೆ ಕೊಟ್ಟಿದ್ದಾರೆ. ಜಗಳ ತಾನಾಗೇ ಹುಟ್ಟಿತು, ಅಲ್ವಾ? (ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ನೀರಲ್ಲಿ ಮುಳುಗಿದ ಊರಿನ ಕಥೆಗಳು ನಮ್ಮ ಕಚೇರಿಗೆ ಬೇಕಾದಷ್ಟು ಬರುತ್ತವೆ. ಊರಲ್ಲಿ ಮುಳುಗಿದ ಕೆರೆಯ ಕಥೆ ಇನ್ನೂ ಒಂದೂ ಬಂದಿಲ್ಲ.)

ಕರಗದ ಅಧ್ಯಾಯವನ್ನು ಹರಿದು ಹಾಕಬೇಡಿ. ಗೆಳೆಯರ ಮನೆಗೆ ಹೋಗಿ, ಮುಖ್ಯ ಕರಗಕ್ಕೂ ಮೊದಲು ನಡೆಯುವ ಹಸಿ ಕರಗದಿಂದ ಶುರುಮಾಡಿ ಕೇಳಿ. ಕೆಲವನ್ನು ಅವರು ಹೇಳಲಿಕ್ಕಿಲ್ಲ. ಅದನ್ನು ನೀವು ಕಟ್ಟಿ ತುಂಬಿಸಬೇಡಿ, ನಿಮ್ಮ ಕಥೆಯಲ್ಲೂ ಆ ಬಾಗಿಲು ಮುಚ್ಚಿಯೇ ಇರಲಿ. 'ಮಾಟಗಾರ' ಅನ್ನುವ ಪದವನ್ನಂತೂ ಇವತ್ತೇ ಹೊಡೆದುಹಾಕಿ. ತಿದ್ದಿದ್ದನ್ನು ನಮಗೂ ಕಳಿಸಿ, ಮೊದಲು ಅವರು ಓದಲಿ.

— ಸಂ.